ಪಿಲ್ಗು ಎಂದು ಕೂಗಿದ ಮೇಲೆ

ಜೆಚನ್
ಏಪ್ರಿಲ್ 20, 2009

ಮಾನ್ಯ ಬೊಂಗ್ಸುನ್ ಅಜ್ಜಿಯವರಿಗೆ ವಂದನೆಗಳು.

ಕಳೆದ ಶನಿವಾರ ಗುನ್ಸಾನ್ ಬೇಸ್‌ಬಾಲ್ ಮೈದಾನದಲ್ಲಿ ನಿಮ್ಮ ಮುಂದಿನ ಸಾಲಿನಲ್ಲಿ ಕುಳಿತಿದ್ದವಳು ನಾನು. ಜೊತೆಗಿದ್ದವನು ಮುನ್ಸಿಕ್, ನಿಮ್ಮ ಅಂಗಡಿಯಲ್ಲಿ ಒಣ ಬೊಂಡಾಸು ಮೀನಿಗೆ ಪ್ರತಿಸಲವೂ ಚೌಕಾಸಿ ಮಾಡುವ ಉದ್ದನೆಯ ಆಳು. ನೀವು ನನ್ನ ಬೂಟುಗಳನ್ನು ನೋಡಿ, "ಈ ಒಣಗಾಲಿನವಳನ್ನ ಎಲ್ಲಿಂದ ಹಿಡ್ಕೊಂಡ್ ಬಂದ್ಯೋ" ಎಂದು ಅವನನ್ನು ಕೇಳಿದಿರಿ. ನಾನು ಉತ್ತರ ಕೊಡುವ ಮೊದಲೇ ಒಂದು ಚೊಂಬು ನೀರನ್ನು ನನ್ನ ಕಾಲಮೇಲೆ ಸುರಿದಿರಿ. ಮನೆ ಮುಟ್ಟುವವರೆಗೂ ಕಾಲುಚೀಲ ಒದ್ದೆಯಿತ್ತು. ಕೋಪ ಬರಲಿಲ್ಲ, ಯಾಕೆ ಹೀಗೆ ಎಂಬ ಕುತೂಹಲ ಮಾತ್ರ ಉಳಿಯಿತು.

ಅದಕ್ಕಿಂತ ದೊಡ್ಡ ಕುತೂಹಲ ಇನ್ನೊಂದಿದೆ. ನಾಲ್ಕನೇ ಇನಿಂಗ್ಸಿನಲ್ಲಿ ನಿಮ್ಮ ಊರಿನ ಕೊಕ್ಕರೆ ತಂಡದ ಹುಡುಗನ ಕಾಲುಗಳ ನಡುವೆ ಚೆಂಡು ನುಸುಳಿ ಹೋಯಿತು. ಆಗ ಇಡೀ ಗ್ಯಾಲರಿ ಒಂದೇ ಬಾಯಲ್ಲಿ "ಪಿಲ್ಗು, ಪಿಲ್ಗು, ಪಿಲ್ಗು" ಎಂದು ಕೂಗಿತು. ಆ ಹುಡುಗನ ಹೆಸರು ಪಿಲ್ಗು ಅಲ್ಲ. ತಂಡದಲ್ಲಿ ಆ ಹೆಸರಿನವರು ಯಾರೂ ಇಲ್ಲ. ಮುನ್ಸಿಕ್‌ನನ್ನು ಕೇಳಿದರೆ, "ಅದು ಹಾಗೇ ಕಣೆ, ಚೆಂಡು ಬಿಟ್ರೆ ಪಿಲ್ಗು ಅಂತೀವಿ, ನಾನು ಚಿಕ್ಕವನಿದ್ದಾಗಿಂದ್ಲೂ ಹಾಗೇ" ಎಂದು ಬೊಂಡಾಸು ಜಗಿಯುತ್ತಾ ಕುಳಿತ.

ಪಿಲ್ಗು ಎಂದರೆ ಯಾರು? ಮನುಷ್ಯನೋ, ಬೈಗುಳವೋ? ಮೈದಾನದ ಹಳೆಯ ಕಥೆಗಳೆಲ್ಲ ನಿಮಗೆ ಗೊತ್ತು ಎಂದು ಮುನ್ಸಿಕ್ ಹೇಳಿದ. ಫೋನು ಮಾಡಿದರೆ ಕೇಳಿಸದು, ಬರೆದರೆ ಉತ್ತರ ಕೊಡುತ್ತಾರೆ ಎಂದೂ ಹೇಳಿದ. ಅದಕ್ಕೇ ಬರೆಯುತ್ತಿದ್ದೇನೆ.

ಒದ್ದೆ ಕಾಲುಚೀಲದ,
ಸೊಕ್ ಮಿರಾನ್


ಗುನ್ಸಾನ್
ಮೇ 6

ಮಿರಾನ್,

ಮೊದಲು ಒಂದು ಮಾತು. ನನ್ನನ್ನು ಅಜ್ಜಿ ಎಂದು ಕರೆಯಬೇಡ. ನನಗೆ ಇನ್ನೂ ಅರವತ್ತೆಂಟು, ಹಲ್ಲುಗಳು ಬೊಂಡಾಸು ಜಗಿಯುವಷ್ಟು ಗಟ್ಟಿಯಾಗಿವೆ. ಮೈದಾನದಲ್ಲಿ ಎಲ್ಲರೂ ದೊಡ್ಡಮ್ಮ ಎನ್ನುತ್ತಾರೆ, ನೀನೂ ಹಾಗೇ ಅನ್ನು. ಕಿವಿ ಹೋಗಿದ್ದು ವಯಸ್ಸಿನಿಂದಲ್ಲ. ನನ್ನ ಗಂಡ ನಮ್ಮ ಗ್ಯಾಲರಿಯ ಡೋಲು ಬಾರಿಸುತ್ತಿದ್ದ. ಅವನ ಪಕ್ಕದಲ್ಲಿ ಇಪ್ಪತ್ತು ವರ್ಷ ಕುಳಿತರೆ ಯಾರ ಕಿವಿ ಉಳಿದೀತು? ಅವನಿಗೆ ಗುಡುಗು ಎಂದೇ ಹೆಸರು. ಸತ್ತು ಆರು ವರ್ಷವಾಯಿತು, ಡೋಲು ಈಗ ನನ್ನ ಕೈಲಿದೆ.

ನೀರಿನ ಕಥೆ ಕೇಳಿದೆಯಲ್ಲ. ನಮ್ಮ ಮೈದಾನ ಕೆಸರು ದಂಡೆಯ ಮೇಲಿದೆ, ಹಿಂದೆ ಉಬ್ಬರ ಬಂದರೆ ಕೆಳಗಿನ ಸಾಲಿನವರ ಪಾದ ಮುಳುಗುತ್ತಿತ್ತು. ಹೊರಗಿನ ಊರಿನವರು ನಮ್ಮನ್ನು ಒದ್ದೆಗಾಲಿನವರು ಎಂದು ಗೇಲಿ ಮಾಡಿದರು. ಸರಿ, ಹಾಗೇ ಕರೀರಿ ಎಂದು ಅದನ್ನೇ ನಾವು ಹೆಸರಾಗಿ ಇಟ್ಟುಕೊಂಡೆವು. ಈಗ ಗೋಡೆ ಕಟ್ಟಿದ್ದಾರೆ, ನೀರು ಬರುವುದಿಲ್ಲ. ಅದಕ್ಕೇ ಹೊಸಬರ ಕಾಲಿಗೆ ಚೊಂಬಿನಲ್ಲಿ ಸುರಿಯಬೇಕು. ಇಲ್ಲದಿದ್ದರೆ ಅವರು ನಮ್ಮವರಾಗುವುದು ಹೇಗೆ?

ಆಟಗಾರರಿಗೂ ಹಾಗೇ, ಹೆಸರು ನಾವೇ ಇಡುತ್ತೇವೆ. ಶನಿವಾರ ಚೆಂಡೆಸೆದನಲ್ಲ ಆ ದಪ್ಪನೆಯವನು, ಅವನು ಅರೆಬೆಂದ ಅನ್ನ. ಮೊದಲು ರುಚಿಯಾಗಿರುತ್ತಾನೆ, ಮೂರು ಇನಿಂಗ್ಸ್ ದಾಟಿದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತಾನೆ. ನಾವು ಹತ್ತು ರನ್ನಿನಿಂದ ಸೋಲುವಾಗ ಮಾತ್ರ ಚೆಂಡನ್ನು ಗ್ಯಾಲರಿಗೆ ಬಾರಿಸುವವನು ಊಟ ಆದಮೇಲಿನ ಸಾರು. ಕೋಚ್‌ಗೆ ಹವಾಮಾನ ವರದಿ ಎನ್ನುತ್ತೇವೆ. ದಿನವೂ ಟಿವಿಯಲ್ಲಿ ನಿಂತು ನಾಳೆ ಚೆನ್ನಾಗಿರುತ್ತದೆ ಎನ್ನುತ್ತಾನೆ. ಪತ್ರಿಕೆಯವರು ಇಟ್ಟ ಹೆಸರು ನಮ್ಮಲ್ಲಿ ನಡೆಯುವುದಿಲ್ಲ, ಆಟಗಾರ ತಾನೇ ಇಟ್ಟುಕೊಂಡದ್ದೂ ನಡೆಯುವುದಿಲ್ಲ. ಆದರೆ ಒಂದು ಕಟ್ಟಳೆ ಇದೆ. ಹೆಸರು ಹೊತ್ತವನೇ ಬಂದು ಯಾಕೆ ಹೀಗೆ ಕರೆಯುತ್ತೀರಿ ಎಂದು ಕೇಳಿದರೆ ಸುಳ್ಳು ಹೇಳಬಾರದು.

ಇನ್ನು ಪಿಲ್ಗು. ಅದನ್ನು ಕೇಳಿದವರಿಗೆಲ್ಲ ಹೇಳುವುದಿಲ್ಲ. ಹಿಂದೊಮ್ಮೆ ಒಬ್ಬ ಪತ್ರಿಕೆಯವನಿಗೆ ಹೇಳಿದೆ, ಅವನು ಅದನ್ನು ನಗೆಚಾಟಿಕೆ ಮಾಡಿ ಬರೆದ. ನನ್ನ ಗಂಡ ಆ ಹಾಳೆಯಲ್ಲಿ ಮೀನು ಸುತ್ತಿ ಮಾರಿದ. ನೀನು ಯಾರು, ನಿನಗೇಕೆ ಇದು ಬೇಕು? ಸೊಕ್ ಎಂಬ ಮನೆತನದವರು ಹೆಜ್ಜೆಗೊಬ್ಬರು ಸಿಗುವುದಿಲ್ಲ. ನನಗೆ ಕಿವಿ ಇಲ್ಲ, ಕಣ್ಣಿದೆ. ನಿನ್ನ ಮೂಗನ್ನು ನಾನು ಎಲ್ಲೋ ನೋಡಿದ್ದೇನೆ.

ಡೋಲಿನ ಪಕ್ಕದಿಂದ,
ತಾಕ್ ಬೊಂಗ್ಸುನ್


ಜೆಚನ್
ಮೇ 31

ದೊಡ್ಡಮ್ಮ,

ನೀವು ನೋಡಿದ್ದು ನನ್ನ ಅಪ್ಪನ ಮೂಗು. ಸೊಕ್ ಪಿಲ್ಗು ನನ್ನ ತಂದೆ.

ಮೊದಲೇ ಹೇಳಲಿಲ್ಲವೆಂದು ಬೈಯಬೇಡಿ. ಹೇಳಿದ್ದರೆ ನೀವು ನನ್ನ ಮನಸ್ಸು ನೋಯದ ಹಾಗೆ ಏನಾದರೂ ಬರೆಯುತ್ತಿದ್ದಿರಿ ಎಂದುಕೊಂಡೆ.

ಅಪ್ಪ ಇಲ್ಲಿ ತೋಫು ಮಾಡಿ ಮಾರುತ್ತಾರೆ. ಬೆಳಗಿನ ಜಾವ ಸೋಯಾ ಅರೆಯುವುದರಿಂದ ಅವರ ದಿನ ಶುರು. ನೀರಿನಿಂದ ತೋಫುವಿನ ಇಡೀ ಗಟ್ಟಿಯನ್ನು ಎರಡು ಕೈಯಲ್ಲಿ ಎತ್ತಿ ಹಲಗೆಗೆ ಇಡುತ್ತಾರೆ, ಒಂದು ಮೂಲೆಯೂ ಮುರಿಯುವುದಿಲ್ಲ. ಹಿಂದೆ ಗುನ್ಸಾನ್‌ನಲ್ಲಿ ಸ್ವಲ್ಪ ಕಾಲ ಬೇಸ್‌ಬಾಲ್ ಆಡಿದ್ದರೆಂದು ಅಮ್ಮ ಒಮ್ಮೆ ಹೇಳಿದ್ದಳು. ಅಮ್ಮ ತೀರಿಕೊಂಡ ಮೇಲೆ ಆ ಮಾತು ಎತ್ತುವವರೂ ಇಲ್ಲ. ಟಿವಿಯಲ್ಲಿ ಆಟ ಬಂದರೆ ಅಪ್ಪ ಎದ್ದು ಹಿತ್ತಲಿಗೆ ಹೋಗುತ್ತಾರೆ.

ಮುನ್ಸಿಕ್ ಇಲ್ಲಿನ ಸಿಮೆಂಟು ಕಾರ್ಖಾನೆಗೆ ಕೆಲಸಕ್ಕೆ ಬಂದಿದ್ದಾಗ ನಮ್ಮ ಪರಿಚಯ. ನವೆಂಬರಿನಲ್ಲಿ ಮದುವೆ. ಅವನ ಅಜ್ಜಿಗೆ ತೊಂಬತ್ತು, ಗುನ್ಸಾನ್ ಬಿಟ್ಟು ಎಲ್ಲಿಗೂ ಬರಲಾರರು. ಮದುವೆ ಅಲ್ಲೇ ಆಗಬೇಕು. ಅಪ್ಪನಿಗೆ ಹೇಳಿದಾಗ, "ಎಲ್ಲಿ ಬೇಕಾದ್ರೂ ಮಾಡ್ಕೊ, ಆ ಊರೊಂದ್ ಬೇಡ" ಎಂದರು. ಅಲ್ಲೇ ಆದರೆ ನೀವು ಬರುವುದಿಲ್ಲವೇ ಎಂದು ಕೇಳಿದೆ. "ಹಣ ಕಳಿಸ್ತೀನಿ, ತೋಫು ಕಳಿಸ್ತೀನಿ, ನಾನ್ ಬರಲ್ಲ" ಎಂದು ಚಾಕು ಒರೆಸುತ್ತಾ ಒಳಗೆ ಹೋದರು.

ಆ ಶನಿವಾರ ನಾನು ಹಿಂದಿರುಗಿ ಬಂದು ಗ್ಯಾಲರಿಯ ಕೂಗಿನ ಬಗ್ಗೆ ಕೇಳಿದಾಗ ಮೊದಲ ಸಲ ಬಾಯಿ ಬಿಟ್ಟರು. ಆಟ ಬಿಟ್ಟ ಮರುವರ್ಷ ಒಂದು ಹೋಟೆಲಿನಲ್ಲಿ ಊಟ ಮಾಡುತ್ತಿದ್ದಾಗ ಟಿವಿಯಲ್ಲಿ ಕೊಕ್ಕರೆಗಳ ಆಟ ಬರುತ್ತಿತ್ತಂತೆ. ಯಾರೋ ಹುಡುಗ ಚೆಂಡು ಬಿಟ್ಟ. ಇಡೀ ಮೈದಾನ ಅಪ್ಪನ ಹೆಸರು ಕೂಗಿತು. ಅವರು ಅನ್ನವನ್ನು ಅಲ್ಲೇ ಬಿಟ್ಟು ಎದ್ದು ಟಿವಿ ಆರಿಸಿದರಂತೆ. ಹೋಟೆಲಿನವನೊಂದಿಗೆ ಜಗಳವೂ ಆಯಿತಂತೆ.

"ಆ ಊರಲ್ಲಿ ನನ್ನ ಹೆಸರು ಬೈಗುಳ ಆಗಿದೆ ಮಗಾ," ಎಂದರು. "ಬೈಗುಳ ಆದೋನು ಮಗಳ ಮದ್ವೇಲಿ ಏನಂತ ಎದೆ ಕೊಟ್ಟು ನಿಂತ್ಕೊಳ್ಲಿ?"

ಅಪ್ಪನಿಲ್ಲದೆ ಮದುವೆ ಆಗಲು ನನಗೆ ಇಷ್ಟವಿಲ್ಲ. ಅಮ್ಮನೂ ಇಲ್ಲ, ಅವರೂ ಬರದಿದ್ದರೆ ನನ್ನ ಕಡೆಯ ಕುರ್ಚಿಗಳಲ್ಲಿ ಯಾರು ಕೂರುತ್ತಾರೆ? ಅದು ಬೈಗುಳವೇ ಆಗಿದ್ದರೆ ಹಾಗೇ ಬರೆಯಿರಿ. ಹೆಸರು ಹೊತ್ತವನಿಗೆ ಸುಳ್ಳು ಹೇಳಬಾರದೆಂದು ನೀವೇ ಹೇಳಿದಿರಿ. ಅವರ ಪರವಾಗಿ ನಾನು ಕೇಳುತ್ತಿದ್ದೇನೆ.

ಇಂತಿ,
ಪಿಲ್ಗುವಿನ ಮಗಳು ಮಿರಾನ್


ಗುನ್ಸಾನ್
ಜೂನ್ 9

ಮಗಳೇ ಮಿರಾನ್,

ನಿನ್ನ ಕಾಗದ ಓದಿ ಅಂಗಡಿ ಮುಚ್ಚಿ ಮನೆಗೆ ಬಂದೆ. ಪಿಲ್ಗು ಬದುಕಿದ್ದಾನೆ, ತೋಫು ಮಾಡುತ್ತಿದ್ದಾನೆ. ನಮ್ಮಲ್ಲಿ ಅವನ ಬಗ್ಗೆ ಮೂರು ಕಥೆಗಳಿವೆ. ಆಳಸಮುದ್ರದ ಹಡಗು ಹತ್ತಿದ ಎಂದು ಕೆಲವರು, ಬೌದ್ಧ ಮಠ ಸೇರಿದ ಎಂದು ಕೆಲವರು, ಹವಾಯಿಯಲ್ಲಿ ಹೋಟೆಲು ಇಟ್ಟಿದ್ದಾನೆ ಎಂದು ಉಳಿದವರು. ಅದಕ್ಕಾಗಿ ಹೊಡೆದಾಟವೂ ಆಗಿದೆ. ತೋಫು ಎಂದು ಯಾರಿಗೂ ಹೊಳೆಯಲಿಲ್ಲ.

ಈಗ ಕೇಳು. 1986ರ ಶರತ್ಕಾಲದ ಕೊನೆಯ ಪಂದ್ಯ. ಇನ್ನೊಂದು ಚೆಂಡು ಹಿಡಿದಿದ್ದರೆ ಕಪ್ ನಮ್ಮದು. ಅದು ಮೂರನೇ ಬೇಸಿಗೆ, ನಿನ್ನ ಅಪ್ಪ ಕಾಯುತ್ತಿದ್ದ ಮೂಲೆಗೇ ಹೋಯಿತು, ಅವನ ಕಾಲುಗಳ ನಡುವಿನಿಂದ ನುಸುಳಿತು. ಅವತ್ತು ಗ್ಯಾಲರಿಯಿಂದ ಲೋಟ, ಬಾಟಲಿ, ಒಣ ಬೊಂಡಾಸು ಎಲ್ಲ ಬಿತ್ತು. ನಾನು ಎಸೆಯಲಿಲ್ಲ, ಮಾರುವ ಸರಕನ್ನು ಎಸೆಯುವಷ್ಟು ತಲೆ ಕೆಟ್ಟಿರಲಿಲ್ಲ. ಆದರೆ ಬಾಯಿಗೆ ಬಂದದ್ದನ್ನೆಲ್ಲ ಬೈದೆ, ಎಲ್ಲರ ಹಾಗೆ.

ಮುಂದಿನ ವಸಂತದಲ್ಲಿ ಮತ್ತೆ ಅಂಥದೇ ಚೆಂಡು ಬಿಟ್ಟ. ಗ್ಯಾಲರಿ ಕೆಂಡವಾಯಿತು. ಅವನು ಬ್ಯಾಟಿಂಗಿಗೆ ಬಂದಾಗ ಎಲ್ಲರೂ ಬೆನ್ನು ತಿರುಗಿಸಿ ಕೂರಬೇಕು, ಒಬ್ಬರೂ ಹಾಡಬಾರದು ಎಂದು ಸಾಲಿನಿಂದ ಸಾಲಿಗೆ ಮಾತು ಹೋಯಿತು. ಪ್ರತಿಯೊಬ್ಬ ಆಟಗಾರನಿಗೂ ನಾವು ಕಟ್ಟಿದ ಒಂದೊಂದು ಹಾಡಿದೆಯಲ್ಲ, ಅದನ್ನು ಹಾಡದೆ ಇರುವುದು ಕಪಾಳಕ್ಕೆ ಹೊಡೆದದ್ದಕ್ಕಿಂತ ಹೆಚ್ಚು.

ಇಷ್ಟೆಲ್ಲ ಆಗುವಾಗ ನನ್ನ ಗಂಡ ಕಕ್ಕಸಿನಲ್ಲಿದ್ದ. ಮಧ್ಯಾಹ್ನ ಹಳಸಿದ ಏಡಿ ತಿಂದಿದ್ದ. ಚೆಂಡು ಬಿಟ್ಟದ್ದೂ ಗೊತ್ತಿಲ್ಲ, ಮಾತಾದದ್ದೂ ಗೊತ್ತಿಲ್ಲ. ಲಾಡಿ ಕಟ್ಟಿಕೊಂಡು ಬಂದವನೇ ಪಿಲ್ಗು ಬ್ಯಾಟು ಹಿಡಿದು ನಡೆಯುವುದನ್ನು ನೋಡಿ ಡೋಲಿಗೆ ಬಡಿದ. ಬಡಿದು ಹಾಡಿದ:

ಬಾರೋ ಪಿಲ್ಗು, ಬೀಸೋ ಪಿಲ್ಗು,
ಕಡಲಾಚೆಗೆ ಅಟ್ಟೋ ಪಿಲ್ಗು,
ಇವತ್ತಾಗದಿದ್ರೆ ನಾಳೆ ಉಂಟು,
ಬಾರೋ ಪಿಲ್ಗು ಬಾರೋ.

ನಾನು ಅವನ ಅಂಗಿ ಹಿಡಿದು ಎಳೆದೆ. ಕೇಳಬೇಕಲ್ಲ. ಡೋಲು ಬಿದ್ದರೆ ನಮ್ಮವರ ಬಾಯಿ ತಾನಾಗಿಯೇ ತೆರೆಯುತ್ತದೆ, ವರ್ಷಗಳ ಅಭ್ಯಾಸ. ಒಬ್ಬ ಗೊಣಗಿದ, ಇನ್ನೊಬ್ಬ ಸೇರಿದ, ಬೆನ್ನು ತಿರುಗಿಸಿದವರು ತಿರುಗಿಕೊಂಡೇ ಹಾಡಿದರು. ಎರಡನೇ ಸುತ್ತಿಗೆ ಎಲ್ಲರೂ ಮೈದಾನದತ್ತ ತಿರುಗಿದ್ದರು. ಹಾಡುತ್ತಾ ಬೈಯಲು ಆಗುವುದಿಲ್ಲ ಮಗಳೇ, ಬಾಯಿ ಒಂದೇ ಇರುವುದು. ಹಾಡು ಮುಗಿಯುವಷ್ಟರಲ್ಲಿ ಸಿಟ್ಟು ಎಲ್ಲಿ ಹೋಯಿತೋ ಯಾರಿಗೂ ಗೊತ್ತಾಗಲಿಲ್ಲ. ನನ್ನ ಪಕ್ಕದ ಮೀನಿನವನು ಅಳುತ್ತಿದ್ದ. ನಿನ್ನ ಅಪ್ಪ ಔಟಾಗಿ ತಲೆ ತಗ್ಗಿಸಿ ಒಳಗೆ ಹೋದ. ಆ ವಾರದಲ್ಲೇ ತಂಡ ಬಿಟ್ಟ ಎಂದು ಸುದ್ದಿ ಬಂತು. ಮಣಿಕಟ್ಟು ಹೋಗಿದೆ ಎಂದರು.

ಅಂದಿನಿಂದ ನಮ್ಮಲ್ಲಿ ಒಂದು ಪದ್ಧತಿ. ಯಾರು ಚೆಂಡು ಬಿಟ್ಟರೂ ಮೊದಲು ಪಿಲ್ಗು ಎಂದು ಕೂಗುತ್ತೇವೆ. ಅದು ಆ ಹುಡುಗನಿಗೆ ಹೇಳುವುದಲ್ಲ, ನಮಗೆ ನಾವೇ ಹೇಳಿಕೊಳ್ಳುವುದು: ಬೈಬೇಡ, ಇವನು ಬ್ಯಾಟಿಂಗಿಗೆ ಬಂದಾಗ ಎದ್ದು ನಿಂತು ಇವನ ಹಾಡನ್ನು ಎರಡು ಸುತ್ತು ಹಾಡು. ನಮ್ಮ ಮೈದಾನದಲ್ಲಿ ಚೆಂಡು ಬಿಟ್ಟವನಿಗೆ ಇಪ್ಪತ್ತೆರಡು ವರ್ಷದಿಂದ ಒಂದು ಬೈಗುಳ ಬಿದ್ದಿಲ್ಲ. ಅದಕ್ಕೆ ನಿನ್ನ ಅಪ್ಪನ ಹೆಸರು.

ಬೈಗುಳವಂತೆ. ಅವನ ತಲೆ. ಅಂದು ಹೋಟೆಲಿನಲ್ಲಿ ಹೆಸರು ಕೇಳಿದ ಕೂಡಲೇ ಟಿವಿ ಆರಿಸಿದನಲ್ಲ, ಇನ್ನರ್ಧ ಗಂಟೆ ಬಿಟ್ಟಿದ್ದರೆ ಹಾಡೂ ಕೇಳುತ್ತಿತ್ತು, ಊಟವೂ ಆಗುತ್ತಿತ್ತು.

ಹೇಳು ಅವನಿಗೆ.

ದೊಡ್ಡಮ್ಮ ಬೊಂಗ್ಸುನ್


ಜೆಚನ್
ಆಗಸ್ಟ್ 17

ದೊಡ್ಡಮ್ಮ,

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಒಳ್ಳೆಯ ಸುದ್ದಿಯೊಂದಿಗೆ ಬರೆಯೋಣ ಎಂದು ಕಾದೆ, ಅದು ಬರಲಿಲ್ಲ.

ನಿಮ್ಮ ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ತೋಫು ಕೊಯ್ಯುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ, "ನನ್ನ ಮಣಿಕಟ್ಟಿಗೆ ಏನೂ ಆಗಿರ್ಲಿಲ್ಲ" ಎಂದರು.

ಅವರು ತಂಡ ಬಿಟ್ಟದ್ದು ಆ ಹಾಡಿನಿಂದಲೇ ದೊಡ್ಡಮ್ಮ. ಬೈಯುತ್ತಾರೆ, ಬಾಟಲಿ ಎಸೆಯುತ್ತಾರೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿದ್ದರಂತೆ. ಬೆನ್ನು ತಿರುಗಿಸಿದವರು ಹಾಡಲು ಶುರು ಮಾಡಿದಾಗ, "ಇವ್ರು ನನ್ನ ಹಾಡಿಂದ್ಲೇ ನನ್ನ ಅಣಕಿಸ್ತಿದಾರೆ" ಅಂದುಕೊಂಡರು. ನಾಳೆ ಉಂಟು ಎಂಬ ಸಾಲಿಗೆ ಬಂದಾಗ ಬ್ಯಾಟು ಭಾರವಾಯಿತಂತೆ. ಬಾಟಲಿ ಬಿದ್ದಿದ್ದರೆ ಮರುದಿನವೂ ಆಡುತ್ತಿದ್ದೆ ಎಂದರು.

ನಿಮ್ಮ ಮಾತು ನಂಬುವುದಿಲ್ಲವೇ ಎಂದು ಕೇಳಿದೆ. "ಮದ್ವೆ ಮನೆ ಮಾತು ಸಕ್ಕರೆ ಹಾಕಿದ್ದೇ ಇರತ್ತೆ. ಗುಡುಗಣ್ಣ ಕಕ್ಕಸಲ್ಲಿದ್ದ ಅಂತೆ. ಯಾರ್ ನಂಬ್ತಾರೆ" ಎಂದರು. ಆದರೆ ನಿಮ್ಮ ಗಂಡ ತೀರಿಕೊಂಡದ್ದು ಕೇಳಿ ಚಾಕು ಕೆಳಗಿಟ್ಟರು.

ಆಮೇಲೆ ಒಂದು ವಿಚಿತ್ರ ಶುರುವಾಗಿದೆ. ಕೆಲಸದ ನಡುವೆ ಒಮ್ಮೆಲೇ ಕೇಳುತ್ತಾರೆ: "ಈಗ ಮೂರ್ನೇ ಬೇಸಲ್ಲಿರೋ ಹುಡುಗಂಗೆ ಏನ್ ಹೆಸ್ರಿಟ್ಟಿದಾರೆ?" ಇನ್ನೊಂದು ದಿನ: "ಕೆಳಗಿನ ಸಾಲಿಗೆ ಈಗ್ಲೂ ನೀರ್ ಬರತ್ತಾ?" ಕೇಳಿ, ಉತ್ತರ ಬೇಡದವರ ಹಾಗೆ ಆಚೆ ಹೋಗುತ್ತಾರೆ. ನಾನು ಮುನ್ಸಿಕ್‌ಗೆ ಫೋನು ಮಾಡಿ ಕೇಳಿ ಬಂದು ಹೇಳುತ್ತೇನೆ. ಅಪ್ಪನ ಹೆಸರೇ ಗೊತ್ತಿರದ ಅವನಿಗೆ ಎಲ್ಲವನ್ನೂ ಹೇಳಿಬಿಟ್ಟೆ. ನನ್ನ ಮಾವ ಪಿಲ್ಗುವಾ ಎಂದು ಅವನು ಕುಳಿತಲ್ಲಿಂದ ಎದ್ದು ನಿಂತನಂತೆ.

ಮದುವೆಗೆ ಬರುತ್ತೀರಾ ಎಂದರೆ ಮಾತ್ರ ಈಗಲೂ ಇಲ್ಲ ಎನ್ನುತ್ತಾರೆ.

ಏನು ಮಾಡಲೂ ತೋಚದ,
ಮಿರಾನ್


ಗುನ್ಸಾನ್
ಆಗಸ್ಟ್ 24

ಮಿರಾನ್,

ನಂಬಿಸಲು ನನ್ನ ಹತ್ತಿರ ಸಾಕ್ಷಿ ಇಲ್ಲ. ಕಕ್ಕಸಿಗೆ ಹೋದದ್ದಕ್ಕೆ ಯಾರಾದರೂ ರಸೀದಿ ಇಡುತ್ತಾರೆಯೇ?

ಸೆಪ್ಟೆಂಬರ್ 12ರ ಪಂದ್ಯವನ್ನು ಟಿವಿಯಲ್ಲಿ ತೋರಿಸುತ್ತಾರೆ. ಅವನನ್ನು ಎದುರಿಗೆ ಕೂರಿಸು. ನಮ್ಮ ಹುಡುಗರು ಚೆಂಡು ಬಿಡದ ಪಂದ್ಯವೇ ಇಲ್ಲ, ಆ ವಿಷಯದಲ್ಲಿ ನಂಬಿಕಸ್ಥರು. ಹೆಸರು ಕೂಗಿದ ಕೂಡಲೇ ಅವನ ಕೈ ಹಿಡಿದುಕೋ. ಈ ಸಲ ಆರಿಸಲು ಬಿಡಬೇಡ. ಪೂರ್ತಿ ಕೇಳಲಿ.

ಮೂರನೇ ಬೇಸಿನವನಿಗೆ ಇನ್ನೂ ಹೆಸರಿಟ್ಟಿಲ್ಲ ಎಂದು ಹೇಳು. ಆ ಜಾಗದವರಿಗೆ ಹೆಸರಿಡುವಾಗ ನಾವು ಅವಸರ ಮಾಡುವುದಿಲ್ಲ.

ಬೊಂಗ್ಸುನ್


ಜೆಚನ್
ಅಕ್ಟೋಬರ್ 4

ದೊಡ್ಡಮ್ಮ,

ನೀವೂ ನೋಡಿದಿರಲ್ಲ. ಏನು ಹೇಳಲಿ?

ಅಪ್ಪ ಕೊನೆಗೂ ಬಂದು ಕುಳಿತರು, ಟಿವಿಗೆ ಅಡ್ಡಲಾಗಿ, ಒಂದು ಕಣ್ಣಿನಿಂದ ನೋಡುವವರ ಹಾಗೆ. ನಾನು ಪಕ್ಕದಲ್ಲಿ ಅವರ ಕೈ ಹಿಡಿಯಲು ತಯಾರಾಗಿ ಕುಳಿತೆ. ಎರಡನೇ ಇನಿಂಗ್ಸಿನಲ್ಲಿ ಕಷ್ಟದ ಚೆಂಡು ಮೂರನೇ ಬೇಸಿಗೆ ಬಂತು, ಹುಡುಗ ಹಾರಿ ಹಿಡಿದ. ಐದನೆಯದರಲ್ಲಿ ಇನ್ನೊಂದು, ಅದನ್ನೂ ಹಿಡಿದ. ಅಪ್ಪ ಅಡ್ಡ ಕುಳಿತವರು ಮೆಲ್ಲಗೆ ನೇರವಾದರು. ಅರೆಬೆಂದ ಅನ್ನ ಅವತ್ತು ಪೂರ್ತಿ ಬೆಂದಿದ್ದ. ಒಂದು ತಪ್ಪಿಲ್ಲದೆ ಪಂದ್ಯ ಗೆದ್ದರು. ನನಗೆ ಅಳು ಬಂತು.

"ಹಾಳಾದೋರು," ಎಂದರು ಅಪ್ಪ, "ನಮ್ ಕಾಲ್ದಲ್ಲಿ ಬೇಡ ಬೇಡ ಅಂದ್ರೂ ಬಿಡ್ತಿದ್ವಿ." ಅವರು ನಮ್ಮ ಕಾಲ ಎಂದದ್ದನ್ನು ನಾನು ಮೊದಲ ಸಲ ಕೇಳಿದೆ.

ಈಗ ಇನ್ನೊಂದು ತೊಡಕು. ಮದುವೆ ಹಳೆಯ ಕ್ರಮದಲ್ಲೇ ಆಗಬೇಕೆಂದು ಮುನ್ಸಿಕ್‌ನ ಅಜ್ಜಿ ಹಟ ಹಿಡಿದಿದ್ದಾರೆ. ವರ ಮರದಲ್ಲಿ ಕೆತ್ತಿದ ಹೆಬ್ಬಾತನ್ನು ಎಸೆಯಬೇಕು, ವಧುವಿನ ತಾಯಿ ಸೆರಗೊಡ್ಡಿ ಹಿಡಿಯಬೇಕು. ತಾಯಿ ಇಲ್ಲದ ಮನೆಯಲ್ಲಿ ತಂದೆ ಹಿಡಿಯಬಹುದು ಎಂದು ಹೇಳಿ ಕಳಿಸಿದರು. ಅಪ್ಪನಿಗೆ ಹೇಗೆ ಹೇಳಲಿ ಎಂದು ಎರಡು ದಿನ ಹೆದರಿದೆ. ಹೇಳಿದೆ.

"ಆ ಊರಲ್ಲಿ, ಆ ಜನಗಳ ಮುಂದೆ, ನಾನು ಕೈಯೊಡ್ಡಿ ನಿಂತ್ಕೋಬೇಕು. ಏನೋ ಒಂದು ನನ್ನ ಕಡೆ ಹಾರಿ ಬರ್ಬೇಕು," ಎಂದು ಹೇಳಿ ಕೈಗಳನ್ನು ಒರೆಸಿಕೊಂಡರು. "ನಿಮ್ಮಮ್ಮ ಇದ್ದಿದ್ರೆ ಹಿಡೀತಿದ್ಲು."

ಮರುದಿನ ಅಟ್ಟದಿಂದ ಸೂಟು ಇಳಿಸಿ ಬಿಸಿಲಿಗೆ ಹಾಕಿದ್ದರು. "ನಂಬಿ ಬರ್ತಿಲ್ಲ, ನಿನಗೋಸ್ಕರ ಬರ್ತಿದೀನಿ. ಹಿಡಿದು, ಊಟ ಮಾಡಿ, ಮಧ್ಯಾಹ್ನದ ಬಸ್ಸಿಗೆ ವಾಪಸ್ಸು" ಎಂದರು.

ನನಗೆ ಅಷ್ಟೇ ಸಾಕು. ನೀವು ಮದುವೆಗೆ ಬರಲೇಬೇಕು. ಆದರೆ ಅಪ್ಪನ ಮುಂದೆ ಯಾರೂ ಆ ಹೆಸರು ಕೂಗದ ಹಾಗೆ ನಿಮ್ಮವರಿಗೆ ಹೇಳಿಬಿಡಿ. ಡೋಲು ಮನೆಯಲ್ಲೇ ಇರಲಿ.

ನಿಮ್ಮ ಮಗಳಂಥ,
ಮಿರಾನ್


ಜೆಚನ್
ನವೆಂಬರ್ 19

ಬೊಂಗ್ಸುನ್ ಅಕ್ಕನವರಿಗೆ ಸೊಕ್ ಪಿಲ್ಗು ಮಾಡುವ ನಮಸ್ಕಾರ.

ನಾನು ಕಾಗದ ಬರೆದು ಅಭ್ಯಾಸವಿಲ್ಲದವನು. ಮದುವೆಯ ದಿನ ಮಾತನಾಡಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಜೊತೆಗೆ ಕಳಿಸಿರುವ ತೋಫುವನ್ನು ಬಂದ ದಿನವೇ ತಿನ್ನಿ.

ಡೋಲು ತರಬೇಡಿ ಎಂದು ಮಗಳು ನಿಮಗೆ ಬರೆದಿದ್ದಳೆಂದು ಆಮೇಲೆ ತಿಳಿಯಿತು. ನೀವು ಅದನ್ನು ರೇಷ್ಮೆ ಬಟ್ಟೆ ಸುತ್ತಿ ಉಡುಗೊರೆಯ ಮೇಜಿನ ಕೆಳಗೆ ಇಟ್ಟಿದ್ದಿರಿ. ನಾನು ಒಳಗೆ ಬಂದಾಗಲೇ ನೋಡಿದೆ. ಗುಡುಗಣ್ಣನ ಡೋಲನ್ನು ಯಾವ ಬಟ್ಟೆ ಸುತ್ತಿದರೂ ನಾನು ಗುರುತಿಸುತ್ತೇನೆ. ನಿಮ್ಮ ಹಿಂದೆ ಎರಡು ಸಾಲು ನಮ್ಮ ಕಾಲದ ಮುಖಗಳೇ ಇದ್ದವು, ಎಲ್ಲರಿಗೂ ವಯಸ್ಸಾಗಿತ್ತು. ಯಾರೂ ನನ್ನ ಕಣ್ಣು ನೋಡಲಿಲ್ಲ. ಮದುವೆಯ ಬೂಟಿನೊಳಗೆ ಅವರ ಕಾಲುಚೀಲಗಳು ಒದ್ದೆಯಾಗಿದ್ದವು, ನೆಲದ ಮೇಲೆ ಗುರುತು ಬಿದ್ದಿತ್ತು; ಮೈದಾನಕ್ಕೆ ಬರುವ ಹಾಗೆ ಕಾಲು ನೆನೆಸಿಕೊಂಡೇ ಬಂದಿದ್ದರು. ಅದನ್ನು ನೋಡಿದಾಗ ನೀವು ಮಗಳಿಗೆ ಬರೆದದ್ದು ನಿಜವಿರಬಹುದೇ ಎಂದು ಮೊದಲ ಸಲ ಅನ್ನಿಸಿತು. ಅನ್ನಿಸಿದ ಮೇಲೆ ತಿಳಿದುಕೊಳ್ಳದೆ ಇರಲು ಆಗಲಿಲ್ಲ.

ಅಳಿಯ ಒಳ್ಳೆಯವನು. ಹೆಬ್ಬಾತನ್ನು ತೊಟ್ಟಿಲ ಮಗುವಿಗೆ ಹೂ ಎಸೆದ ಹಾಗೆ ಮೆಲ್ಲಗೆ ಎಸೆದ. ಅದು ನೆಲಕ್ಕೆ ಬಿತ್ತು. ಮಗಳ ಮುಖ ಬಿಳಿಚಿತು. ನಾನು ಬಗ್ಗಿ ಅದನ್ನು ಎತ್ತಿಕೊಳ್ಳದೆ ಹಾಗೇ ನಿಂತೆ. ಆಗ ಹಿಂದಿನಿಂದ ನಿಮ್ಮ ಧ್ವನಿಯೇ ಮೊದಲು ಬಂತು, ಪಿಲ್ಗು ಎಂದು. ಆಮೇಲೆ ಅವರೆಲ್ಲರದೂ ಬಂತು. ನೀವು ಬ್ಯಾಟಿಂಗಿಗೂ ಕಾಯಲಿಲ್ಲ, ಬಟ್ಟೆ ಕಿತ್ತು ಡೋಲಿಗೆ ಬಡಿದಿರಿ.

ಎರಡು ಸುತ್ತು ಹಾಡಿದಿರಿ. ನಾಳೆ ಉಂಟು ಎನ್ನುವಲ್ಲಿ ನಿಮ್ಮ ಧ್ವನಿ ಒಡೆಯಿತು. ತೊಂಬತ್ತರ ಆ ಅಜ್ಜಿ ಕುರ್ಚಿಯಿಂದ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಅವರಿಗೂ ಹಾಡು ಬಾಯಿಪಾಠವಿತ್ತು. ಅದರಲ್ಲಿ ಅಣಕ ಇರಲಿಲ್ಲ. ಮೊದಲ ಸಲವೂ ಇರಲಿಲ್ಲ ಎಂದು ಈಗ ನಂಬುತ್ತೇನೆ. ಗುಡುಗಣ್ಣ ಇದ್ದಾಗಲೇ ಬಂದು ಕೇಳಿದ್ದರೆ ಅವನೇ ಹೇಳುತ್ತಿದ್ದ, ಅದೊಂದು ನೋವು ನನಗೆ ಉಳಿಯಿತು. ಮಧ್ಯಾಹ್ನದ ಬಸ್ಸು ತಪ್ಪಿದ್ದಕ್ಕೆ ಬೇಸರವಿಲ್ಲ.

ಮಗಳು ಫೋನಿನಲ್ಲಿ ಕೇಳುತ್ತಲೇ ಇದ್ದಾಳೆ: "ಅಪ್ಪ, ಅದು ಹೇಗ್ ಜಾರ್ತು? ಒಂದು ತೋಫೂನೂ ಬಿಡದೋರು ನೀವು." ಬೆವರಿತ್ತು ಎಂದು ಹೇಳಿದ್ದೇನೆ. ಅವಳಿಗೆ ಎಲ್ಲವನ್ನೂ ಕೇಳಿ ತಿಳಿದುಕೊಳ್ಳುವ ಚಟ, ಇದೊಂದು ತಿಳಿಯದೇ ಇರಲಿ. ನಿಮಗೆ ಮಾತ್ರ ಹೇಳುತ್ತೇನೆ, ಹೆಸರು ಹೊತ್ತವನಿಗೆ ನೀವು ಸುಳ್ಳು ಹೇಳಲಿಲ್ಲ, ನಾನೂ ಹೇಳಬಾರದು. ಹೆಬ್ಬಾತು ಕೈಗೆ ಸರಿಯಾಗಿಯೇ ಬಂದಿತ್ತು ಅಕ್ಕ. ಬಿಟ್ಟೆ.

ನಿಮ್ಮ ಮೂರನೇ ಬೇಸಿನ,
ಪಿಲ್ಗು